ಒಂದು ಕೀಬೋರ್ಡಿಗೆ ಮೂವರು

ಆಗೆಲ್ಲ ಇಂಟರ್ನೆಟ್ ನಮ್ಮ ಜೇಬಿನಲ್ಲಿ ಇರುತ್ತಿರಲಿಲ್ಲ, ಒಂದು ಕೋಣೆಯಲ್ಲಿ ಇರುತ್ತಿತ್ತು. ಒಳಗೆ ಹೋಗಬೇಕೆಂದರೆ ಶೂ ಬಿಚ್ಚಬೇಕಿತ್ತು. ಯಲಹಂಕದ ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬನ್ನು ನೆನೆದರೆ ಮೊದಲು ಮೂಗಿಗೆ ಬರುವುದು ಎಂಟನೇ ಕ್ಲಾಸಿನ ಅಷ್ಟೂ ಮಕ್ಕಳ ಸಾಕ್ಸು, ಅದರ ಮೇಲೆ ಯಾರದೋ ಡಬ್ಬಿಯ ಪುಳಿಯೋಗರೆ. ಎಸಿ ಇರೋದು ಕಂಪ್ಯೂಟರಿಗೆ, ನಿಮಗಲ್ಲ ಎಂದು ಲ್ಯಾಬ್ ಸರ್ ಆಗಾಗ ನೆನಪಿಸುತ್ತಿದ್ದರು. ಒಂದು ಕೀಬೋರ್ಡಿಗೆ ಮೂವರು. ನಡುವೆ ಕೂತವರು ಮಹಾರಾಜರು, ಅಕ್ಕಪಕ್ಕದವರು ಮೊಣಕೈಯಲ್ಲಿ ತಿವಿಯುತ್ತ ಸರದಿ ಕಾಯುವ ಪ್ರಜೆಗಳು. ಇದು ಅನ್ಯಾಯ, ತಲೆಗೊಂದು ಕಂಪ್ಯೂಟರ್ ಕೊಡಿ ಎಂದು ನಾನು ವಾದಿಸದ ದಿನವಿಲ್ಲ. ಶಾಲೆಯ ಚರ್ಚಾ ತಂಡದಲ್ಲಿದ್ದೆ. ಬೇರೆಯವರಿಗೆ ಕುಂಟೆಬಿಲ್ಲೆ ಹೇಗೋ ನನಗೆ ವಾದ ಹಾಗೆ. ಕನ್ನಡದ ಸುಧಾ ಮಿಸ್ ನನ್ನನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು.

ಆ ಮಳೆಗಾಲದಲ್ಲಿ ಮಿಸ್ ‘ನಮ್ಮ ಏರಿಯಾ’ ಎಂಬ ಪ್ರಾಜೆಕ್ಟ್ ಕೊಟ್ಟರು. ಇಡೀ ಕ್ಲಾಸು ಸೇರಿ ಇಂಟರ್ನೆಟ್‌ನಲ್ಲಿ ಒಂದೇ ಪುಟ ಬರೆಯಬೇಕು. ಯಾರು ಬೇಕಾದರೂ ಸೇರಿಸಬಹುದು, ಯಾರು ಬೇಕಾದರೂ ಅಳಿಸಬಹುದು. ಲ್ಯಾಬ್ ಸರ್ ಎಲ್ಲರಿಗೂ ಒಂದೇ ಲಾಗಿನ್ ಮಾಡಿ, ಪಾಸ್‌ವರ್ಡನ್ನು ಬೋರ್ಡಿನ ಮೇಲೆ ದಪ್ಪಗೆ ಬರೆದುಬಿಟ್ಟರು. ಯಾರು ಏನು ಬರೆದರೂ ಕಾಣುತ್ತಿದ್ದ ಹೆಸರು ‘8 ಬಿ’. ಇದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಎಲ್ಲದರಲ್ಲೂ ತಪ್ಪು ಹುಡುಕುವ ನನಗೂ.

ಚಿಕ್ಕಬಾಣಾವರದ ನವೀನ್ ತಮ್ಮ ರೈಲ್ವೆ ಸ್ಟೇಷನ್ನಿನ ಬಗ್ಗೆ ಬರೆದ. ನಾನು ಕೆಂಪಾಪುರದ ನೀರಿನ ಟ್ಯಾಂಕರುಗಳ ಬಗ್ಗೆ. ಭಾಗ್ಯ ಬರೆದದ್ದು ಅವರ ಮನೆಯ ಹಸುಗಳ ಬಗ್ಗೆ. ಅವರದು ಕೋಗಿಲಿನ ಹಳೆಯ ಮನೆತನ. ಅಪ್ಪ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಿದ್ದರು, ಅಜ್ಜಿ ಮಾತ್ರ ಹಸು ಬಿಟ್ಟಿರಲಿಲ್ಲ. ಆ ಹಾಲು ಹೋಗುತ್ತಿದ್ದದ್ದು ಸುತ್ತ ಎದ್ದಿದ್ದ ಅಪಾರ್ಟ್‌ಮೆಂಟುಗಳಿಗೆ, ಅಂದರೆ ನಮ್ಮ ಕ್ಲಾಸಿನ ಅರ್ಧ ಜನರ ಮನೆಗೆ. ಹಸು ಈದಾಗ ಭಾಗ್ಯ ಸ್ಟೀಲ್ ಡಬ್ಬಿಯಲ್ಲಿ ಗಿಣ್ಣು ತರುತ್ತಿದ್ದಳು. ಏಲಕ್ಕಿ, ಬೆಲ್ಲ, ಬಾಯಲ್ಲಿಟ್ಟರೆ ಜಾರುವ ತಂಪು. ಡಬ್ಬಿ ತೆರೆದ ಕೂಡಲೇ ಮುತ್ತಿಗೆ. ಅವಳಿಗೆ ಉಳಿಯುತ್ತಿದ್ದದ್ದು ಅಂಟಿದ ಬೆಲ್ಲ ಮಾತ್ರ.

ಆಗಸ್ಟಿನ ಒಂದು ವಾರ, ಪ್ರಾಜೆಕ್ಟ್ ಬೇಗ ಮುಗಿಯಲೆಂದು ಸರ್ ಮನೆಯಿಂದಲೂ, ಸೈಬರ್ ಸೆಂಟರಿನಿಂದಲೂ ಬರೆಯಬಹುದು ಎಂದರು. ಸೋಮವಾರ ಲ್ಯಾಬಿನಲ್ಲಿ ಪುಟ ತೆರೆದಾಗ ಭಾಗ್ಯಳ ಬರಹದ ಕೆಳಗೆ ಸಾಲುಸಾಲು ಸೇರಿದ್ದವು. ಸಗಣಿ ವಾಸನೆ ಸ್ಕ್ರೀನಿಂದಾನೂ ಬರ್ತಿದೆ ಮಗಾ. ಹಾಲಿಗೆ ಎಷ್ಟು ನೀರು ಹಾಕ್ತೀರ ಗೌಳಿಗಿತ್ತಿ. ಇನ್ನೂ ಕೆಲವು, ಅವನ್ನು ಇಲ್ಲಿ ಬರೆಯುವುದಿಲ್ಲ. ಒಂದೊಂದೇ ಕಂಪ್ಯೂಟರಿನಿಂದ ಕಿಸಕಿಸ ನಗು ಶುರುವಾಯಿತು. ಇದಕ್ಕೆ ಸೈಬರ್ ಬುಲ್ಲಿಯಿಂಗ್ ಎಂಬ ಹೆಸರಿದೆಯೆಂದು ನಮಗೆ ಗೊತ್ತಿರಲಿಲ್ಲ. ರೇಗಿಸೋದು ಅನ್ನುತ್ತಿದ್ದೆವು.

ಭಾಗ್ಯ ಅಳಲಿಲ್ಲ. ತನ್ನ ಬರಹದ ಕೊನೆಗೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿ ಹಿಡಿದಳು. ಎಲ್ಲ ಸ್ಕ್ರೀನುಗಳಲ್ಲೂ ಒಟ್ಟಿಗೆ ಅವಳ ಅಜ್ಜಿ, ಹಸು, ಬೆಳಗಿನ ಹಾಲಿನ ಕ್ಯಾನು ಒಂದೊಂದೇ ಅಕ್ಷರವಾಗಿ ಹಿಂದಕ್ಕೆ ಹೋದವು. ನಗು ನಿಂತಿತು. ಅವಳು ಎದ್ದು ಮಿಸ್ ಹತ್ತಿರ ಹೋಗಿ, ತನ್ನ ಹೆಸರು ಪ್ರಾಜೆಕ್ಟಿನಿಂದ ತೆಗೆಯಬೇಕು ಎಂದಳು.

ಮಿಸ್ ಸಿಟ್ಟಿನಲ್ಲಿ ಪುಟವನ್ನೇ ಮುಚ್ಚಿ, ಚಾರ್ಟ್ ಪೇಪರ್ ತನ್ನಿ ಎಂದರು. ಸರ್ ಮೊದಲು ಕಳ್ಳ ಸಿಗಲಿ ಎಂದರು, ಆಮೇಲೆ ಗೋಡೆಗೆ ನಿಯಮಗಳ ಪಟ್ಟಿ ಅಂಟಿಸೋಣ ಎಂದರು. ನಾನು ಕೈ ಎತ್ತಿದೆ. ಎಲ್ಲರದೂ ಒಂದೇ ಹೆಸರಾದರೆ ಕಳ್ಳನನ್ನು ಹಿಡಿಯುವುದು ಹೇಗೆ? ಗೋಡೆಯ ಮೇಲೆ ‘ಸುಳ್ಳು ಹೇಳಬಾರದು’ ಎಂದು ಮೊದಲಿನಿಂದಲೂ ಇದೆ, ಏನಾಯಿತು? ಪುಟ ಮುಚ್ಚಿದರೆ ಆ ಸಾಲು ಬರೆದವರೇ ಗೆದ್ದ ಹಾಗೆ, ಶಿಕ್ಷೆ ಭಾಗ್ಯಳಿಗೆ.

“ಮತ್ತೇನ್ ಮಾಡ್ಬೇಕು ಅಂತೀಯ, ಲಾಯರಮ್ಮ?”

ಉತ್ತರ ತಯಾರಿತ್ತು. ಲ್ಯಾಬಿನಲ್ಲಿ ಮೂವರು ಕೂತು ಬರೆದಷ್ಟು ದಿನ ಒಂದು ಕೆಟ್ಟ ಸಾಲೂ ಬಂದಿರಲಿಲ್ಲ. ಬಂದದ್ದೆಲ್ಲ ಒಬ್ಬೊಬ್ಬರೇ ಕೂತು ಬರೆದ ಶನಿವಾರ, ಭಾನುವಾರ. ಆದ್ದರಿಂದ ಮೂವರಿಲ್ಲದೆ ಯಾರೂ ಬರೆಯಬಾರದು, ಪ್ರತಿಯೊಬ್ಬರಿಗೂ ಅವರವರ ಹೆಸರಿನ ಲಾಗಿನ್ ಬೇಕು. ತಲೆಗೊಂದು ಕಂಪ್ಯೂಟರ್ ಕೇಳುತ್ತಿದ್ದವಳು ನೀನೇ ಅಲ್ಲವೇ ಎಂದು ಸರ್ ಕೆಣಕಿದರು. ಪುರಾವೆ ಬದಲಾದರೆ ವಾದವೂ ಬದಲಾಗಬೇಕು ಸರ್ ಎಂದೆ. ಗೆದ್ದೆ ಅಂದುಕೊಂಡೆ.

ನನ್ನನ್ನು ಸೋಲಿಸಿದ್ದು ಭಾಗ್ಯ. ಬಾಗಿಲ ಹತ್ತಿರ ಶೂ ಹಾಕಿಕೊಳ್ಳುತ್ತಿದ್ದವಳು ತಲೆ ಎತ್ತಿದಳು.

“ಮೂರು ಜನ ಕೂತ್ರೆ ಮೂರು ಜನಾನೂ ನಗ್ತಾರೆ ಕಣೇ. ಈಗ ನಗ್ಲಿಲ್ವಾ? ಬರ್ದೋರು ಯಾರೋ ಒಬ್ರು. ಅಳ್ಸೋ ಬಟನ್ನು ಎಲ್ರತ್ರಾನೂ ಇತ್ತು. ಓದಿ ಅಂಗೇ ಬಿಟ್ರಿ.”

ಚರ್ಚಾ ತಂಡದಲ್ಲಿ ನಮಗೆ ಕಲಿಸಿದ್ದ ಮೊದಲ ಪಾಠ, ಎದುರಾಳಿಯ ಮಾತು ಸರಿಯಿದ್ದರೆ ಒಪ್ಪಿಕೊಂಡು ಮುಂದೆ ಹೋಗು ಎಂಬುದು. ಒಪ್ಪಿದೆ. ಅಲ್ಲೇ ನಿಂತು ಉಳಿದದ್ದನ್ನು ಸೇರಿಸಿದೆವು: ಪ್ರತಿ ಮೂವರೂ ಬೇರೆ ಮೂವರ ಬರಹ ಕಾಯಬೇಕು. ಕೆಟ್ಟದ್ದು ಕಂಡರೆ ನಗದೆ, ಮೊದಲು ಮಿಸ್‌ಗೆ ತೋರಿಸಿ, ಆಮೇಲೆ ಅಳಿಸಬೇಕು. ಒಬ್ಬರ ಬರಹದ ಕೆಳಗೆ ಏನೇ ಬರೆಯುವ ಮುಂಚೆ ಅದನ್ನು ಅವರ ಮುಖ ನೋಡಿ ಓದಿ ಹೇಳಬೇಕು. ಕೊನೆಯದು ಮಿಸ್ ಸೇರಿಸಿದ್ದು. ಭಾಗ್ಯ ಶೂ ಬಿಚ್ಚಿದಳು. ಆದರೆ ಬರೆಯುತ್ತೇನೆ ಎನ್ನಲಿಲ್ಲ.

ಎರಡು ವಾರ ಅವಳು ನನ್ನ ಬಲಕ್ಕೆ ಸುಮ್ಮನೆ ಕೂತಳು. ನಡುವೆ ನಾನು, ಎಡಕ್ಕೆ ರೋಹಿತ್ ಎಂಬ ತಮಾಷೆಗಾರ. ಒಂದು ದಿನ ಅವನ ಸರದಿ ಬಂದು, ನಡುವಿನ ಕುರ್ಚಿಗೆ ಜಾರಿ, ನವೀನನ ರೈಲ್ವೆ ಸ್ಟೇಷನ್ನಿನ ಕೆಳಗಿನ ಕಾಮೆಂಟ್ ಬಾಕ್ಸಿನಲ್ಲಿ ಅವನ ದಪ್ಪ ಮೈಯ ಬಗ್ಗೆ ಒಂದು ಜೋಕು ಟೈಪ್ ಮಾಡಿದ. ಎಂಟರ್ ಒತ್ತಿದರೆ ಎಲ್ಲರಿಗೂ ಕಾಣುತ್ತಿತ್ತು. ಜೋಕು ಚೆನ್ನಾಗಿತ್ತು. ನಗು ನನ್ನ ಗಂಟಲವರೆಗೂ ಬಂದಿತ್ತು. ಅಷ್ಟರಲ್ಲಿ ಭಾಗ್ಯಳ ಮೊಣಕೈ ಅಡ್ಡ ಬಂದು ಎಂಟರ್ ಕೀಯನ್ನು ಮುಚ್ಚಿತು.

“ನವೀನ ಅಲ್ಲೇ ಕೂತವ್ನೆ. ಓಗಿ ಓದು.”

“ತಮಾಷೆ ಕಣೇ.”

“ತಮಾಷೆ ಆದ್ರೆ ಅವ್ನೂ ನಗ್ಲಿ. ಓಗು.”

ರೋಹಿತ್ ಎರಡು ಸಾಲು ಆಚೆ ಕೂತಿದ್ದ ನವೀನನನ್ನು ನೋಡಿದ. ನವೀನ್ ಏನೂ ತಿಳಿಯದೆ ಚಕ್ಕುಲಿ ಕಡಿಯುತ್ತಿದ್ದ. ರೋಹಿತ್ ಗೊಣಗುತ್ತ ಒಂದೊಂದೇ ಅಕ್ಷರ ಅಳಿಸಿದ. ಭಾಗ್ಯ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು. ಎರಡು ಬೆರಳಲ್ಲಿ, ನಿಧಾನವಾಗಿ, ತನ್ನ ಹೆಸರಿನ ಕೆಳಗೆ ಮೊದಲ ಸಾಲು ಬರೆದಳು: ‘ನಮ್ಮ ಮನೆಗೆ ಬಂದರೆ ಮೊದಲು ಸಗಣಿ ವಾಸನೆ ಬರುತ್ತದೆ. ಆಮೇಲೆ ನಮ್ಮಜ್ಜಿ ಗಿಣ್ಣು ಕೊಡುತ್ತಾರೆ.’ ಹಿಂದಿನದಕ್ಕಿಂತ ಉದ್ದವಾಗಿತ್ತು ಆ ಬರಹ. ಅದರ ಕೆಳಗೆ ವರ್ಷವಿಡೀ ಒಂದೂ ಕೆಟ್ಟ ಸಾಲು ಬರಲಿಲ್ಲ. ಕಾಯುತ್ತಿದ್ದವರಲ್ಲಿ ನಾನೂ ಇದ್ದೆನಾದ್ದರಿಂದ ಖಡಾಖಂಡಿತವಾಗಿ ಹೇಳುತ್ತೇನೆ. ಆಗಸ್ಟಿನ ಆ ಕೆಟ್ಟ ಸಾಲುಗಳನ್ನು ಬರೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವ ಅಗತ್ಯ ಬೀಳಲಿಲ್ಲ.

ಈಗ ನಾನು ಕೇಳಿದ್ದು ಸಿಕ್ಕಿದೆ. ತಲೆಗೊಂದು ಸ್ಕ್ರೀನು, ಅದೂ ಅಂಗೈಯಲ್ಲಿ. ಶೂ ಬಿಚ್ಚಬೇಕಿಲ್ಲ, ಸರದಿ ಕಾಯಬೇಕಿಲ್ಲ. ವಾದ ಮಾಡಲು ಊರಿಗೊಂದು ಗ್ರೂಪು. ಮೊನ್ನೆ ಅಂಥದೇ ಒಂದರಲ್ಲಿ ಯಾರಿಗೋ ಒಂದು ಚುರುಕು ಉತ್ತರ ಟೈಪ್ ಮಾಡಿದೆ. ಚೆನ್ನಾಗಿ ಬಂದಿತ್ತು, ಕಚ್ಚುವ ಹಾಗಿತ್ತು. ಕಳಿಸುವ ಮುಂಚೆ, ಅಭ್ಯಾಸ, ಬಲಕ್ಕೆ ನೋಡಿದೆ. ಸೋಫಾದ ಆ ಬದಿ ಖಾಲಿ ಇತ್ತು. ಕಳಿಸುವ ಬಟನ್ನಿನ ಮೇಲೆ ನನ್ನದೇ ಬೆರಳು, ಅಡ್ಡ ಬರಲು ಯಾರ ಮೊಣಕೈಯೂ ಇರಲಿಲ್ಲ.