ದೊಡ್ಡಮ್ಮನ ಲಾರಿಯ ಆರು ಸಿಲಿಂಡರ್

ಕೈಗೆ ಸಿಕ್ಕಿದ್ದನ್ನೆಲ್ಲ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಚಟ ನನಗೆ. ಬೆಂಕಿಪೊಟ್ಟಣವಿರಲಿ, ಮಾತ್ರೆಯ ಡಬ್ಬಿಯಿರಲಿ, ಬೀಗರು ಕೊಟ್ಟ ಉಡುಗೊರೆಯಿರಲಿ, ಬಿಚ್ಚುವ ಮೊದಲು ಒಂದು ಸಲ ಅಲ್ಲಾಡಿಸಲೇಬೇಕು. ಹೆಂಡತಿ ಕಣ್ಣು ಬಿಟ್ಟರೂ ಕೈ ನಿಲ್ಲುವುದಿಲ್ಲ. ತಿಪಟೂರು ಸೀಮೆಯಲ್ಲಿ ಹುಟ್ಟಿದವನ ಕೈ ಅದು, ಏನು ಮಾಡಲಿ? ನಮ್ಮಲ್ಲಿ ತೆಂಗಿನಕಾಯಿಯ ವಯಸ್ಸು ತಿಳಿಯುವುದು ಕಿವಿಗೆ. ಎಳನೀರು ತುಂಬಿಕೊಂಡು ಸುಮ್ಮನಿರುತ್ತದೆ. ಬಲಿತ ಕಾಯಿ ಗುಳುಗುಳು ಎನ್ನುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಒಳಗೆ ಉಂಡೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಾಗ ಗಡಗಡ ಸದ್ದು. ಆ ಗಡಗಡ ಕೇಳಿದರೆ ನಮಗೆ ಹಬ್ಬ.

ಈ ಕಿವಿಯನ್ನು ನಂಬಿಕೊಂಡೇ ಎಪ್ಪತ್ತರ ದಶಕದ ಕೊನೆಯಲ್ಲಿ ನಾನೊಂದು ರೇಸಿನ ಎಂಜಿನ್ ಕಟ್ಟಿದೆ. ಕಟ್ಟಿದೆವು ಎನ್ನಬೇಕು; ಸ್ಪ್ಯಾನರ್ ಹಿಡಿದವನು ಗ್ಯಾರೇಜಿನ ಗೆಳೆಯ ನಂಜುಂಡ, ಸಲಹೆ ಕೊಟ್ಟವನು ನಾನು. ಮದ್ರಾಸಿನ ಕಡೆ ವಿಮಾನ ಇಳಿಯುತ್ತಿದ್ದ ಹಳೆಯ ಓಡುದಾರಿಯೊಂದರಲ್ಲಿ ಡ್ರ್ಯಾಗ್ ರೇಸ್ ಇತ್ತು. ತಿರುವಿಲ್ಲ, ಏರಿಲ್ಲ, ನಿಂತ ಜಾಗದಿಂದ ಕಾಲು ಮೈಲಿ ನೆಟ್ಟಗೆ ಓಡಿ ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದಂತೆ. ಶ್ರೀಮಂತರು ಹೊರದೇಶದ ಕಾರು ತರುತ್ತಿದ್ದರು. ನಮಗೆ ದಕ್ಕಿದ್ದು ದೊಡ್ಡಮ್ಮನ ಹಳೆಯ ಪೆಟ್ರೋಲ್ ಲಾರಿಯ ಎಂಜಿನ್. ದೊಡ್ಡಪ್ಪ ಹೋದ ಮೇಲೆ ತೋಟ, ಅಟ್ಟ, ಲಾರಿ ಮೂರೂ ಅವರ ಕೈಯಲ್ಲಿದ್ದವು.

“ತಗಂಡೋಗು. ಆದ್ರೆ ಕೊಬ್ಬರಿ ಇಳಿಸೋ ಹೊತ್ಗೆ ಲಾರಿ ಸಂತೆಗೆ ಹೋಗ್ಬೇಕು. ಎಂಜಿನ್ ಮುರ್ಕಂಡ್ ಬಂದ್ಯೋ, ಮೂಟೆ ನೀನೇ ಹೊತ್ಕಂಡು ತಿಪಟೂರಿಗೆ ಹೋಗು,” ಎಂದರು.

ಆರು ಸಿಲಿಂಡರ್ ಸಾಲಾಗಿ ನಿಂತ ಎಂಜಿನ್ ಎಂದರೆ ಊಟದ ಪಂಕ್ತಿ. ಆದರೆ ಬಡಿಸುವವನು ಒಂದನೆಯವನಿಗೆ ಬಡಿಸಿ ಐದನೆಯವನ ಹತ್ತಿರ ಓಡುತ್ತಾನೆ. ಅಲ್ಲಿಂದ ಮೂರು, ಆರು, ಎರಡು, ನಾಲ್ಕು. ಹೀಗೆ ಕಿಡಿ ಹಂಚಿದರೇ ಎಂಜಿನ್ ನಡುಗದೆ ಓಡುವುದು. ನಮ್ಮೂರ ಮದುವೆಯಲ್ಲಿ ಹೀಗೆ ಬಡಿಸಿದರೆ ಸಂಬಂಧವೇ ಮುರಿದುಬೀಳುತ್ತದೆ.

ಹೊಸದು ಕೊಳ್ಳುವ ಶಕ್ತಿ ಇಲ್ಲದ್ದರಿಂದ ಇದ್ದದ್ದನ್ನೇ ಕೆರೆದೆವು. ಒಳಗಿನ ಒತ್ತಡ ಹೆಚ್ಚಲೆಂದು ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡನ್ನು ತುಮಕೂರಿನಲ್ಲಿ ಒಂದಿಷ್ಟು ಸವೆಸಿಕೊಂಡು ಬಂದೆವು. ಪೆಟ್ರೋಲಿಗೆ ಗಾಳಿ ಬೆರೆಸಿ ಒಳಗೆ ಬಿಡಲು ಗುಜರಿಯಿಂದ ಎರಡನೇ ಕಾರ್ಬುರೇಟರ್ ಬಂತು. ಎಲ್ಲವನ್ನೂ ಹಳೆಯ ಜೀಪೊಂದಕ್ಕೆ ಕೂರಿಸಿ ಚಾಲೂ ಮಾಡಿದಾಗ ತೋಟದ ಕಾಗೆಗಳೆಲ್ಲ ಎದ್ದವು. ಒಳಗಿನಿಂದ ಗಡಗಡ ಸದ್ದು. ನನ್ನ ಕಿವಿಗೆ ಹಬ್ಬ! “ಒಳ್ಳೇ ಸದ್ದು ಕಣ್ಲಾ!” ಎಂದು ಕುಣಿದೆ. ನಂಜುಂಡ ತಲೆಯ ಮೇಲೆ ಕೈ ಹೊತ್ತು ಕೂತ. ದೊಡ್ಡಮ್ಮ ಜಗಲಿಯಿಂದಲೇ, “ಕೊಬ್ಬರಿ ಆಗೋಗೈತೆ ಕಣಪ್ಪ ನಿನ್ ಎಂಜಿನ್ನು. ಒಡ್ದು ಮಾರ್ಬುಡು,” ಎಂದರು. ಬಿಚ್ಚಿ ನೋಡಿದರೆ ಬೇರಿಂಗ್ ಸವೆದು ಸಡಿಲವಾಗಿತ್ತು. ಅಂದಿನಿಂದ ಸಲಹೆ ಕೊಡುವ ಕೆಲಸವೂ ನಂಜುಂಡನಿಗೇ ಹೋಯಿತು.

ಬೇರಿಂಗ್ ಬದಲಾಯಿಸಿ ಮದ್ರಾಸಿಗೆ ಹೊರಟೆವು. ಅಲ್ಲಿ ನಮ್ಮ ಜೀಪನ್ನು ಕಂಡವರೊಬ್ಬರು ಸಾಮಾನಿನ ಗಾಡಿ ಎಂದುಕೊಂಡು ಕುಡಿಯಲು ನೀರು ಕೇಳಿದರು. ಕೊಟ್ಟೆ. ಮೊದಲ ಓಟದಲ್ಲಿ ಅವರ ಹೊಳೆಯುವ ಕಾರನ್ನೇ ಹಿಂದೆ ಬಿಟ್ಟೆ. ಹೇಳಿಕೊಳ್ಳಲು ಸಂಕೋಚವಿಲ್ಲ, ಆ ಕಾಲು ಮೈಲಿಯಲ್ಲಿ ಆದಷ್ಟು ಹೆಮ್ಮೆ ನನಗೆ ಮದುವೆಯ ದಿನವೂ ಆಗಿರಲಿಲ್ಲ. (ಹೆಂಡತಿ ನಾನು ಬರೆದದ್ದನ್ನು ಓದುವುದಿಲ್ಲ.) ಎರಡನೇ ಓಟದಲ್ಲಿ ಒಂದು ಬಾನೆಟ್ಟಿನಷ್ಟು ಅಂತರದಲ್ಲಿ ಸೋತೆ. ಆದರೆ ನನ್ನನ್ನು ಸೋಲಿಸಿದ ಕಾರು ಹಗ್ಗ ಕಟ್ಟಿಸಿಕೊಂಡು ಮನೆಗೆ ಹೋಯಿತು. ನಾವು ನಮ್ಮ ಎಂಜಿನ್ನಿನಲ್ಲೇ ಊರು ಮುಟ್ಟಿದೆವು.

ಗೆದ್ದೆಯೋ ಸೋತೆಯೋ ಎಂದು ದೊಡ್ಡಮ್ಮ ಕೇಳಲಿಲ್ಲ. ಓಡುತ್ತಿದ್ದ ಎಂಜಿನ್ನಿನ ಪಕ್ಕ ಕಣ್ಣು ಮುಚ್ಚಿ ನಿಂತರು. ಅಟ್ಟದಲ್ಲಿ ಕಾಯಿ ಆಯುವಾಗಿನ ಅದೇ ಮುಖ. ಮೂಟೆ ಹೊರುವ ಮಾತು ನೆನಪಾಗಿ ನಾನು ಹೆಗಲು ಮುಟ್ಟಿಕೊಂಡೆ.

“ಎಳನೀರು ಕಣಪ್ಪ,” ಎಂದರು. “ಒಳಗೇನೂ ಅಲ್ಲಾಡ್ತಿಲ್ಲ. ಲಾರಿಗೆ ಹಾಕು.”

ಆ ವರ್ಷ ನಮ್ಮ ಕೊಬ್ಬರಿಯನ್ನು ಸಂತೆಗೆ ಎಳೆದದ್ದು ರೇಸು ಓಡಿದ ಎಂಜಿನ್. ನಾನು ದಾರಿಯಲ್ಲಿ ಬೇರೆ ಲಾರಿಗಳನ್ನು ಹಿಂದೆ ಹಾಕದಂತೆ ದೊಡ್ಡಮ್ಮ ಪಕ್ಕದಲ್ಲೇ ಕೂತಿದ್ದರು. ‘ಎಳನೀರು’ ಎಂದ ಅವರ ಆ ಮಾತನ್ನು ಈಗಲೂ ಆಗಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇನೆ. ಸದ್ದೇ ಇಲ್ಲ, ಇನ್ನೂ ತುಂಬಿಕೊಂಡಿದೆ.