ಪೀಪಿ ನೆನೆಯುವ ಮುನ್ನ

ರೆಕಾರ್ಡನ್ನು ಹೊದಿಕೆಯಿಂದ ಎಳೆದಾಗ ಮೊದಲು ಬಂದದ್ದು ಬೂಷ್ಟಿನ ವಾಸನೆ. ಅದರ ಹಿಂದೆಯೇ ಗೋಣಿಯೊಳಗಿನ ಒಣಕಾಫಿಯ ಹುಳಿ ಘಾಟು. ಇಷ್ಟು ವರ್ಷದ ಮೇಲೆ ಕಾಗದದಲ್ಲಿ ಆ ಘಾಟು ಉಳಿದಿರಲು ಸಾಧ್ಯವೇ, ಅಥವಾ ನಾನೇ ಸೇರಿಸಿಕೊಂಡೆನೇ? ನನ್ನ ಮೂಗನ್ನು ನಾನೀಗ ಅಷ್ಟಾಗಿ ನಂಬುವುದಿಲ್ಲ. ಅಟ್ಟ ಖಾಲಿ ಮಾಡುವಾಗ ಸಿಕ್ಕಿತೆಂದು ಚಿಕ್ಕಪ್ಪನ ಮಗ ದಿನೇಶ ಇದನ್ನು ಕಳಿಸಿದ್ದ. ತನ್ನ ಅಪ್ಪನ ತಂಡದ ಮೊದಲ ರೆಕಾರ್ಡನ್ನು ಮತ್ತೆ ಹೊರತರುತ್ತಾನಂತೆ. ಆ ಕಾಲದ ಸಂಗೀತದ ಸೊಗಸಿನ ಬಗ್ಗೆ ನಾನೊಂದು ಪುಟ ಬರೆದುಕೊಡಬೇಕಂತೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದ ಕಾಲ ಅದು. ಅಮ್ಮತ್ತಿ ಹತ್ತಿರದ ನಮ್ಮ ಎಸ್ಟೇಟಿನಲ್ಲಿ ನಾನು ಹತ್ತು ವರ್ಷದ ಹುಡುಗಿ. ಬೆಂಗಳೂರಿಗೆ ಓದಲು ಹೋದ ಚಿಕ್ಕಪ್ಪ ಡಿಗ್ರಿಯ ಬದಲು ಗಿಟಾರ್ ಹಿಡಿದು ಮರಳಿದ್ದ. ಮೂವರು ಗೆಳೆಯರನ್ನು ಕಟ್ಟಿಕೊಂಡು ಸಂಜೆಯೆಲ್ಲ ಜಗಲಿಯಲ್ಲಿ ಕಿರುಚುತ್ತಿದ್ದ. ಕಾಳುಮೆಣಸು ಬಿಡಿಸುತ್ತಾ ಕೂತ ಅಜ್ಜಿ ನಮ್ಮ ಅರೆಭಾಷೆಯಲ್ಲಿ ಕೇಳುತ್ತಿದ್ದಳು: "ಎಂಥ ಆತ್ ಅವಂಗೆ, ಹೊಟ್ಟೆ ನೋವುಟಾ?" ಕೊನೆಗೆ ಯಾರಿಂದಲೋ ಟೇಪ್ ರೆಕಾರ್ಡರ್ ಎರವಲು ತಂದು, ಸದ್ದು ಮಾರ್ದನಿಸಬಾರದೆಂದು ಗೋದಾಮಿನ ಗೋಡೆಗೆಲ್ಲ ಕಾಫಿ ಮೂಟೆ ಒಟ್ಟಿ ನಾಲ್ಕು ಹಾಡು ಹಾಡಿದರು. ಆ ಟೇಪು ಮದ್ರಾಸಿನಲ್ಲಿ ರೆಕಾರ್ಡಾಗಿ ಅಚ್ಚಾಯಿತು. ಮೊದಲನೆಯದೂ ಅದೇ, ಕೊನೆಯದೂ ಅದೇ. ಮೊನ್ನೆ ಮಧ್ಯಾಹ್ನ ಕೇಳಿದಾಗ ಹೇಸಿಗೆಯಾಯಿತು. ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವರ ಇಂಗ್ಲಿಷು. ಕಾಣದ ಸಮುದ್ರದ ದಡದಲ್ಲಿ ಕಾಣದ ಹುಡುಗಿಗಾಗಿ ಗೋಳು. ಹೊದಿಕೆಯ ಚಿತ್ರದಲ್ಲಿ ನಾಲ್ವರೂ ಜೀಪಿಗೆ ಒರಗಿದ್ದಾರೆ. ಒಬ್ಬನ ಕೈಯಲ್ಲಿ ತಲೆಕೆಳಗಾಗಿ ಒಂದು ಓಲಗ. ಅದು ತನಿಯನದು. ತನಿಯ ಚಿತ್ರದಲ್ಲಿಲ್ಲ.

ತನಿಯ ಕಾಫಿ ಕುಯ್ಲಿಗೆ ಬುಟ್ಟಿ ಹೆಣೆದು ಕೊಡುತ್ತಿದ್ದ ಮುದುಕ. ಸುತ್ತಲಿನ ಮದುವೆಗಳಿಗೆಲ್ಲ ಅವನದೇ ಓಲಗ. ಅವನು ನುಡಿಸಿದರೆ ನಾನು ಊಟ ಬಿಟ್ಟು ಹೋಗಿ ಕೂರುತ್ತಿದ್ದೆ, ಕಣ್ಣು ತುಂಬಿ ಬರುತ್ತಿತ್ತು ಎಂದು ಮೈಸೂರಿನಲ್ಲಿ ಓದುವಾಗ ಡೈರಿಯಲ್ಲಿ ಬರೆದಿದ್ದೇನೆ. ಆಮೇಲೆ ಅದನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹಳೆಯ ಸಂಗೀತ ಹೋಯಿತು ಎಂದು ನಿಟ್ಟುಸಿರು ಬಿಡುವವರ ಸಾಲಿನಲ್ಲಿ ನಾನೂ ಮುಂದೆಯೇ ಇದ್ದೆ. ಪೂರ್ತಿ ಸುಳ್ಳಲ್ಲ. ಎಷ್ಟು ಹತ್ತಿರ ಕೂರುತ್ತಿದ್ದೆನೆಂದರೆ, ನುಡಿಸುವ ಮುಂಚೆ ಅವನು ಗೋಡೆಯ ಕಡೆ ತಿರುಗಿ ಓಲಗದ ತುದಿಗೆ ಸಿಕ್ಕಿಸುವ ಪೀಪಿಯನ್ನು ಬಾಯಲ್ಲಿಟ್ಟು ನೆನೆಸುವುದು ಕಾಣುತ್ತಿತ್ತು. ಒಣಗಿದ ಪೀಪಿ ಎರಡು ಸಲ ಕಿರುಚುತ್ತದೆ, ಮೂರನೆಯ ಸಲ ಹಾಡುತ್ತದೆ. ಮದುವೆಮನೆಯ ಹಿರಿಯರು ಅಷ್ಟು ಹೊತ್ತು ಬೇರೆತ್ತಲೋ ನೋಡುತ್ತಾ ಸುಮ್ಮನೆ ಕಾಯುತ್ತಿದ್ದರು. ಅದು ಮರ್ಯಾದೆ.

ಮೂರನೆಯ ಹಾಡು ಮುಗಿದ ಮೇಲೆ ರೆಕಾರ್ಡಿನಲ್ಲಿ ಚಿಕ್ಕಪ್ಪನ ದನಿ: "ಊದು ಮಾರಾಯ, ನೋಡ್ವ." ತನಿಯನನ್ನು ಕರೆಸಿದ್ದು ನನಗೆ ಮರೆತೇ ಹೋಗಿತ್ತು. ಈಗ ಕಣ್ಣಿಗೆ ಬಂತು: ಗೋದಾಮಿನ ಬಾಗಿಲಲ್ಲೇ ನಿಂತಿದ್ದಾನೆ, ತಲೆಯ ವಸ್ತ್ರ ಕಂಕುಳಲ್ಲಿದೆ. ಪೀಪಿ ಕಿರುಚಿತು. ಗಂಡಸರು ನಕ್ಕರು. ಎಲ್ಲರ ಮೇಲೆ ಒಂದು ತೆಳ್ಳನೆಯ ದನಿ: "ಚಿಕ್ಕಪ್ಪಾ, ಹಂದಿ ಕೊಯ್ದಂಗುಟ್ಟು!" ಮತ್ತೆ ನಗು. ಅದರ ನಡುವೆ ಮುದುಕನ ಮಾತು, ಮೆಲ್ಲಗೆ: "ಒಣಗಿದೆ ಚಿಕ್ಕ ಧಣಿ. ಇನ್ನೊಂದ್ಸಲ ಊದ್ಲಾ?" ಗಿಟಾರ್ ಶುರು.

ಆ ತೆಳ್ಳನೆಯ ದನಿ ನನ್ನದು. ಆ ಗೋದಾಮಿನಲ್ಲಿ ಪೀಪಿಯ ವಿಷಯ ಗೊತ್ತಿದ್ದದ್ದು ತನಿಯನನ್ನು ಬಿಟ್ಟರೆ ನನಗೊಬ್ಬಳಿಗೇ. ಗೊತ್ತಿದ್ದೂ ಎಲ್ಲರನ್ನೂ ನಗಿಸಿದೆ. ತಮಾಷೆಯಾಗಿದೆ ಎಂದು ಚಿಕ್ಕಪ್ಪ ಅದನ್ನು ಹಾಗೇ ಉಳಿಸಿಕೊಂಡ. ಒಂದೆರಡು ವರ್ಷದಲ್ಲಿ ತನಿಯ ತೀರಿಕೊಂಡ. ಅವನ ಓಲಗವನ್ನು ಬೇರೆ ಯಾರೂ ಹಿಡಿದಿಡಲಿಲ್ಲ. ಅಷ್ಟು ಮದುವೆಗಳ ಆ ಉಸಿರಿನಲ್ಲಿ ಉಳಿದದ್ದು ಈ ಒಂದು ಕಿರುಚು, ಅದರ ಮೇಲೆ ನನ್ನ ನಗು.

ಅಂದೇ ಸಂಜೆ ದಿನೇಶ ಫೋನ್ ಮಾಡಿದ. "ಅಕ್ಕಾ, ಮೂರನೇದರ ಕೊನೆಲಿ ಎಂಥದೋ ಗಲಾಟೆ ಉಟ್ಟಲ್ಲ, ಅದ್ನ ತೆಗ್ಸಿಬುಡ್ಲಾ? ಸೌಂಡ್ ಕ್ಲೀನ್ ಮಾಡೋ ಜನ ಸಿಕ್ಕಿದೊ."

ತೆಗೆಸು ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯವಾದದ್ದು ಆ ನಗು ಕೇಳಿದಾಗಲೂ ಅಲ್ಲ, ಆಗ.

"ಅದ್ ಹಂಗೇ ಇರ್ಲಿ," ಎಂದೆ. "ಅದ್ ತೆಗ್ದರೆ ನಾನ್ ಬರೆಯೋದೂ ಇಲ್ಲೆ."

"ಯಾರಕ್ಕಾ ಅದ್, ಹಂಗೆ ನಗ್ತಿರೋದು?"

"ಬರ್ದ್ ಕೊಡ್ತೇನೆ," ಎಂದೆ.

ಇದೇ ಆ ಪುಟ. ಅವನು ಅಚ್ಚು ಹಾಕಿಸುತ್ತಾನೋ ಇಲ್ಲವೋ ಗೊತ್ತಿಲ್ಲ. ಇಷ್ಟು ಬರೆದು ರೆಕಾರ್ಡಿನ ಮುಳ್ಳನ್ನು ಮತ್ತೆ ಮೂರನೆಯ ಹಾಡಿನ ಕೊನೆಗೇ ಇಟ್ಟೆ. ಚಿಕ್ಕಪ್ಪ ಇಲ್ಲ, ಅಜ್ಜಿ ಇಲ್ಲ, ಆ ಗೋದಾಮೂ ಇಲ್ಲ. ಇನ್ನೊಂದ್ಸಲ ಊದ್ಲಾ ಎಂದು ಮುದುಕ ಕೇಳಿದ.

ಊದಿ, ಎಂದೆ.

ಗಿಟಾರ್ ಶುರುವಾಯಿತು.