ಒಣಮೀನಿನ ರಾಶಿಯ ಮುಂದೆ ಮಾತು ನಿಂತ ದಿನ

ನಿನ್ನೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ನನಗೆ ಒಣಮೀನಿನ ವಾಸನೆ ಬಂತು. ಕುಂದಾಪುರದಲ್ಲಿ ಒಣಮೀನಿನ ಅಂಗಡಿ ಇಟ್ಟವಳಿಗೆ ಮತ್ತೇನು ಮಲ್ಲಿಗೆಯ ವಾಸನೆ ಬರುತ್ತದೆಯೇ ಎಂದು ನೀವು ಕೇಳಬಹುದು. ಆದರೆ ಬುಟ್ಟಿ ಹೊತ್ತು ಮನೆಮನೆ ತಿರುಗಿ, ಆಮೇಲೆ ಈ ಅಂಗಡಿ ಕಟ್ಟಿಕೊಂಡವಳ ಮೂಗಿಗೆ ಅದೊಂದು ವಾಸನೆಯೇ ಅಲ್ಲ. ಅದು ವಾಸನೆ ಎಂದು ತಿಳಿದು, ಗಂಟಲಿಗೆ ಬಂದು ಕೂತಿತೆಂದರೆ, ಇನ್ನು ಸ್ವಲ್ಪ ಹೊತ್ತಿಗೆ ಅರೆತಲೆನೋವು ಬರುತ್ತದೆ ಎಂದರ್ಥ.

“ಬಾ ಮಾರಾಯ್ತಿ” ಎಂದು ಅದನ್ನು ಕರೆದೆ. ತಲೆನೋವನ್ನು ನೆಂಟರಂತೆ ಕರೆಯುವವಳು ನಾನೊಬ್ಬಳೇ ಇರಬೇಕು. ಅದಕ್ಕೆ ಕಾರಣ ನಾವುಂದ ಎಂಬ ಊರಿನ ಶೀನಣ್ಣನ ಅಂಗಳದಲ್ಲಿ ನಡೆದದ್ದು.

ಶೀನಣ್ಣ ಮೀನು ಒಣಗಿಸಿ ಮಾರುವವನು. ವರ್ಷಗಳಿಂದ ಅವನಲ್ಲೇ ನನ್ನ ಖರೀದಿ. ಚೌಕಾಸಿಯಲ್ಲಿ ನನ್ನದೊಂದು ಕ್ರಮವಿದೆ. ಹೊಸದಾಗಿ ವ್ಯಾಪಾರಕ್ಕೆ ಇಳಿದವರು ಬೇಕಾದರೆ ಕಲಿತುಕೊಳ್ಳಿ. ಬೆಲೆ ಕೇಳಿದ ಮೇಲೆ ಹೆಚ್ಚಾಯಿತು ಅನ್ನಬಾರದು. ಒಂದು ಮೀನು ಎತ್ತಿಕೊಂಡು, ಬಾಲ ಮುರಿದು ನೋಡಿ, ಕಡಲಿನ ಕಡೆ ಮುಖ ಮಾಡಿ ಸುಮ್ಮನೆ ನಿಲ್ಲಬೇಕು. ಮಾರುವವನಿಗೆ ಆ ಮೌನ ತಡೆಯಲಾಗುವುದಿಲ್ಲ. ತಾನಾಗಿಯೇ ಇಳಿಸುತ್ತಾನೆ.

ಕೆಲವು ವರ್ಷಗಳ ಹಿಂದಿನ ಒಂದು ದಿನ ನಾವುಂದಕ್ಕೆ ಹೋಗುವ ಬಸ್ಸಿನಲ್ಲೇ ಬಲಗಣ್ಣಿನಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕಿನ ಗೆರೆಯೊಂದು ಮಿನುಗತೊಡಗಿತ್ತು. ಬಿಸಿಲು ಇರಬೇಕೆಂದುಕೊಂಡೆ. ಅಂಗಳ ಮುಟ್ಟುವಾಗ ಗೆರೆ ಅಗಲವಾಗಿ, ಶೀನಣ್ಣನ ಮುಖದ ಅರ್ಧ ಭಾಗವೇ ಕಾಣುತ್ತಿರಲಿಲ್ಲ. ಆಮೇಲೆ ಬಲಗೈ ಬೆರಳುಗಳಲ್ಲಿ ಜುಮ್ಮೆನ್ನತೊಡಗಿದ್ದು ಮೊಣಕೈಗೆ ಏರಿ, ತುಟಿಗೆ ಬಂದು, ನಾಲಗೆಗೆ ಮುಟ್ಟಿತು. ಅಷ್ಟರಲ್ಲಿ ಶೀನಣ್ಣ ಬೆಲೆ ಹೇಳಿದ. ಬಂಗುಡೆ ನನ್ನ ಕೈಯಲ್ಲೇ ಇತ್ತು, ಆದರೆ ಅದರ ಹೆಸರು ಬಾಯಿಗೆ ಬರಲಿಲ್ಲ.

“ಎಂತ ಅಕ್ಕ, ಶುರುವಾಯ್ತಾ ನಿಮ್ಮ ಮೌನವ್ರತ? ಸರಿ, ಒಂಚೂರ್ ಇಳ್ಸ್ತೆ” ಎಂದ.

ನಾನು ಬಾಯಿ ತೆರೆದು ಮುಚ್ಚಿದೆ.

“ಅಷ್ಟೂ ಸಾಕಾತಿಲ್ಯಾ? ಹ್ವಾಯ್, ನಂಗೂ ಹೊಟ್ಟಿ ಇತ್ತ್ ಅಲ್ದಾ!” ಎಂದು ಮತ್ತೂ ಇಳಿಸಿದ.

ನನ್ನ ಜನ್ಮದಲ್ಲಿ ಅಷ್ಟು ಸಲೀಸಾದ ಚೌಕಾಸಿ ಆದದ್ದಿಲ್ಲ. ಕೊನೆಗೆ ಬಾಯಿಂದ “ತೆಂಗ್... ತೆಂಗ್...” ಎಂದು ಹೊರಟಿತು. “ತೆಂಗಿನಕಾಯಿ ಯಾಪಾರ ಯಾವಾಗ ಶುರು ಮಾಡಿದ್ರಿ?” ಎಂದು ಅವನು ನಗುತ್ತಿರುವಾಗ ಅವನ ಹೆಂಡತಿ ಜಲಜಕ್ಕ ಹೊರಗೆ ಬಂದಳು. ನನ್ನ ಕೈಯಿಂದ ಮೀನು ಜಾರಿ ಬಿದ್ದದ್ದು ಅವಳ ಕಣ್ಣಿಗೆ ಬಿತ್ತು.

“ನಗುದೆಂತ ನೀವ್? ಅವ್ರ ಕೈ ಕಾಣಿ! ಬೇಗ ರಿಕ್ಷಾ ತಕಂಡ್ ಬನ್ನಿ!”

“ವಾತ ಆಯ್ಕ್. ಮೊದ್ಲ್ ಎಣ್ಣಿ ತಿಕ್ಕಿ ಕಾಂಬ.”

“ಎಣ್ಣಿ ಮೀನ್ ಹುರೂಕೆ ಇಟ್ಕಣಿ!”

ಆ ಮಾತಿಗೆ ನಗು ಬರಬೇಕಿತ್ತು. ಆದರೆ ನನಗೆ ಅಮ್ಮನ ನೆನಪಾಗಿತ್ತು. ಅಮ್ಮನಿಗೆ ಲಕ್ವ ಹೊಡೆದಾಗ ನಾವು ಎಣ್ಣೆಯನ್ನೇ ತಿಕ್ಕಿದ್ದೆವು. ನಾಳೆ ನೋಡುವ ಎಂದು ಒಂದು ದಿನ ಕಳೆದೆವು. ಆಮೇಲೆ ಅವಳು ಬದುಕಿದಷ್ಟು ಕಾಲವೂ ಎಡಗೈಯ ಸನ್ನೆಯಲ್ಲೇ ನೀರು ಕೇಳಿದಳು. ನನ್ನ ಬಂಡವಾಳವೆಂದರೆ ಈ ನಾಲಗೆ. ರಿಕ್ಷಾದಲ್ಲಿ ಜಲಜಕ್ಕನ ಭುಜಕ್ಕೆ ಒರಗಿ, ನನ್ನ ಹೆಸರನ್ನು ಒಳಗೊಳಗೇ ಹೇಳಿ ನೋಡಿದೆ. ಒಳಗೂ ಅದು ತಡವರಿಸಿತು.

ಕುಂದಾಪುರದ ಆಸ್ಪತ್ರೆಯಲ್ಲಿದ್ದದ್ದು ಸಣ್ಣ ಪ್ರಾಯದ ಡಾಕ್ಟರಮ್ಮ. ಕೈ ಎತ್ತಿಸಿದರು, ನಗಿಸಿದರು, ಪೆನ್ನು ತೋರಿಸಿ ಹೆಸರು ಕೇಳಿದರು. ತಲೆಯ ಸ್ಕ್ಯಾನ್ ಮಾಡಿಸಿದರು. ಅದರ ವರದಿ ಬರುವಷ್ಟರಲ್ಲಿ ಕೈಯ ಜುಮ್ಮು ಇಳಿದು, ಎಡಗಡೆಯ ತಲೆ ಸಿಡಿಯತೊಡಗಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತರು.

“ಲಕ್ವ ಅಲ್ಲಮ್ಮ, ಅರೆತಲೆನೋವು. ಅದು ಬರುವ ಮೊದಲು ಮಿದುಳಿನ ಮೇಲ್ಪದರದಲ್ಲಿ ಒಂದು ಅಲೆ ನಿಧಾನಕ್ಕೆ ಹರೀತದೆ. ಅದು ಹೋದಲ್ಲೆಲ್ಲ ನರಕೋಶಗಳು ಒಮ್ಮೆ ಕೆರಳಿ, ಆಮೇಲೆ ಸುಮ್ಮನಾಗ್ತವೆ. ನೋಟದ ಭಾಗಕ್ಕೆ ಬಂದಾಗ ಬೆಳಕಿನ ಗೆರೆ, ಕೈಯ ಭಾಗಕ್ಕೆ ಬಂದಾಗ ಜುಮ್ಮು, ಮಾತಿನ ಭಾಗಕ್ಕೆ ಬಂದಾಗ ಹೀಗೆ ತೊದಲು. ಲಕ್ವ ಆದ್ರೆ ರಕ್ತನಾಳ ಕಟ್ಟಿಯೋ ಒಡೆದೋ ಹೋಗಿ, ಸಾಮಾನ್ಯವಾಗಿ ಎಲ್ಲ ಒಮ್ಮೆಲೇ ನಿಲ್ತದೆ.”

ಅಂಥದೇ ಅಲೆ ಲಕ್ವ ಹೊಡೆದ ಜಾಗದ ಸುತ್ತಲೂ ಏಳುತ್ತದಂತೆ. ಆದರೆ ಅಲ್ಲಿ ರಕ್ತವೇ ಸಾಲದೆ ನರಕೋಶಗಳಿಗೆ ಚೇತರಿಸಿಕೊಳ್ಳುವ ಶಕ್ತಿ ಇರುವುದಿಲ್ಲವಂತೆ. ನಾನು ನನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ: ಸರಕು ಬರುತ್ತಿರುವ ಅಂಗಡಿ ಒಂದು ದಿನ ಬಾಗಿಲು ಹಾಕಿದರೂ ಮಾರನೆಯ ದಿನ ತೆರೆಯುತ್ತದೆ. ಸರಕು ಬರುವ ದಾರಿಯೇ ಕಟ್ಟಿಹೋದರೆ ತೆರೆದು ಪ್ರಯೋಜನವೇನು? ಅಮ್ಮನದು ಎರಡನೆಯದು. ನನ್ನದು ಮೊದಲನೆಯದು. ನಾನು ಬಾಯಿಬಿಟ್ಟೆ.

“ಸ್ಕ್ಯಾನಿನ ದುಡ್ಡ್ ಒಂಚೂರ್ ಕಮ್ಮಿ ಆತಿಲ್ಯಾ?”

“ಬಂತ್! ಬಾಯಿ ಬಂತ್!” ಎಂದು ಜಲಜಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಡಾಕ್ಟರಮ್ಮ ಕಮ್ಮಿ ಮಾಡಲಿಲ್ಲ. “ಇನ್ನೊಮ್ಮೆ ಹೀಗಾದರೂ ಓಡಿ ಬನ್ನಿ. ಮನೆಯಲ್ಲಿ ಕೂತು ಇದು ಅದಲ್ಲ ಅಂತ ತೀರ್ಮಾನ ಮಾಡ್ಬೇಡಿ” ಎಂದರು. ನಿಮಗೂ ಅದನ್ನೇ ಹೇಳುತ್ತೇನೆ. ಮುಖ ಸೊಟ್ಟಗಾದರೆ, ಕೈ ಜೋತರೆ, ಮಾತು ತೊದಲಿದರೆ ಮೊದಲು ಆಸ್ಪತ್ರೆ. ಏನೂ ಅಲ್ಲವೆಂದು ಗೊತ್ತಾದ ಮೇಲೆ ಬೇಕಾದಷ್ಟು ನಗಾಡಿ. ಎಲ್ಲದರಲ್ಲೂ ಚೌಕಾಸಿ ಮಾಡುವ ನಾನು ಇದೊಂದರಲ್ಲಿ ಮಾಡುವುದಿಲ್ಲ.

ಆಮೇಲೆ ಎಷ್ಟೋ ಸಲ ಅರೆತಲೆನೋವು ಬಂದಿದೆ, ಮಾತು ಮಾತ್ರ ಮತ್ತೆ ನಿಂತಿಲ್ಲ. ನಿನ್ನೆಯೂ ಅಷ್ಟೇ. ಮನೆಗೆ ಹೋಗಿ ಮಾತ್ರೆ ನುಂಗಿ, ಕಿಟಕಿ ಮುಚ್ಚಿ ಮಲಗಿದ್ದೆ. ಮಧ್ಯಾಹ್ನ ಶೀನಣ್ಣನ ಫೋನ್ ಬಂತು. ಹೊಸ ಸರಕಿನ ಬೆಲೆ ಹೇಳಿದ. ಅಭ್ಯಾಸಬಲದಿಂದ ನಾನು ಸುಮ್ಮನಾದೆ.

“ಅಕ್ಕಾ? ಹ್ವಾಯ್ ಅಕ್ಕಾ! ನಿಮ್ಮ ಹೆಸ್ರ್ ಹೇಳಿ ಕಾಂಬ! ಜಲಜಾ, ಓಡ್ ಬಾ ಇಲ್ಲಿ!”

ಗಡಬಡಿಸಿ ನನ್ನ ಹೆಸರು ಹೇಳಿದೆ, ಊರಿನ ಹೆಸರು ಹೇಳಿದೆ. ಅಷ್ಟು ವರ್ಷ ಮಸೆದಿಟ್ಟ ಮೌನ ಆ ಮನೆಯಲ್ಲಿ ಆ ದಿನದಿಂದ ನಡೆಯುವುದಿಲ್ಲ. ಬಾಯಿಬಿಟ್ಟೇ ಬೆಲೆ ಇಳಿಸಬೇಕು. ಹಾಗಾಗಿ ತಲೆ ಸಿಡಿಯುತ್ತಿದ್ದರೂ ಕತ್ತಲೆ ಕೋಣೆಯಲ್ಲಿ ಮಲಗಿಕೊಂಡೇ, ಹೋದ ಸಲದ ಬಂಗುಡೆಗೆ ಉಪ್ಪು ಸಾಲದ್ದು, ನಂಗು ಮೀನಿನಲ್ಲಿ ಮರಳು ಸೇರಿದ್ದು, ಚೀಲದ ಹೊಲಿಗೆ ಬಿಟ್ಟದ್ದು ಎಲ್ಲವನ್ನೂ ಹೇಳಿದೆ. ಶೀನಣ್ಣ ಆ ಕಡೆಯಿಂದ “ಸಾಕ್ ಅಕ್ಕ, ಇಳ್ಸ್ತೆ, ಸಾಕ್” ಎಂದ ಮೇಲೂ ಇನ್ನಷ್ಟು ಹೊತ್ತು ಮಾತಾಡಿದೆ.